ಜೀನೋಮ್ ಬ್ರೌಸರಿನಲ್ಲಿ ಜೀನ್ ಟಿಪ್ಪಣಿ ಮತ್ತು ಆರ್ಥೊಲಾಗ್ ದಾಖಲೆ: ಹಾವೇರಿ ಸೀಮೆಯ ಬೆಳೆಗಳ ನೆಲೆಯಿಂದ

ಜೀನೋಮ್ ಬ್ರೌಸರ್ ಎಂದರೆ ಒಂದು ಜೀವಿಯ ಇಡೀ ಡಿಎನ್‌ಎ ಅನುಕ್ರಮವನ್ನು ವರ್ಣತಂತುಗಳ ಉದ್ದಕ್ಕೂ ಹಾಸಿಟ್ಟು, ಯಾವ ಜಾಗದಲ್ಲಿ ಯಾವ ಜೀನ್ ಇದೆ, ಹಾಗೆನ್ನಲು ಆಧಾರವೇನು, ಬೇರೆ ಜೀವಿಗಳಲ್ಲಿ ಅದರ ದಾಯಾದಿ ಯಾವುದು ಎಂಬುದನ್ನು ಸಾಲುಸಾಲಾಗಿ ತೋರಿಸುವ ತಂತ್ರಾಂಶ. ಈ ಗುರುತುಗಳಿಗೆ ಒಟ್ಟಾಗಿ ಜೀನ್ ಟಿಪ್ಪಣಿ ಅಥವಾ ಅನೋಟೇಶನ್ ಎನ್ನುತ್ತಾರೆ. ಒಂದೇ ಪೂರ್ವಜ ಜೀನಿನಿಂದ ಹುಟ್ಟಿ, ಪ್ರಭೇದಗಳು ಕವಲೊಡೆದಾಗ ಬೇರೆ ಬೇರೆ ಮನೆ ಸೇರಿದ ಜೀನುಗಳು ಆರ್ಥೊಲಾಗ್‌ಗಳು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಬೆಳೆಯುವ ಭತ್ತ, ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಸೋಯಾ, ಮಾವು, ವೀಳ್ಯದೆಲೆಗಳನ್ನು ಮುಂದಿಟ್ಟುಕೊಂಡು ಈ ದಾಖಲೆಯ ಬಗೆಯನ್ನು ಇಲ್ಲಿ ವಿವರಿಸಿದೆ.

ಈ ಬೆಳೆಗಳಲ್ಲಿ ಹೆಚ್ಚಿನವುಗಳ ಜೀನೋಮ್ ಇಂದು ಯಾರು ಬೇಕಾದರೂ ತೆರೆದು ನೋಡಬಹುದಾದ ಬ್ರೌಸರುಗಳಲ್ಲಿದೆ. ಆದರೆ ಅಲ್ಲಿ ಕಾಣುವುದು ಇಲ್ಲಿನ ಹೊಲದ ತಳಿಯಲ್ಲ. ಹಾನಗಲ್ಲಿನ ಕೂರಿಗೆ ಭತ್ತದ ಜೀನ್ ಹುಡುಕುವವರು ನೋಡುವುದು ಜಪಾನಿನ ನಿಪ್ಪನ್‌ಬಾರೆ ತಳಿಯನ್ನು. ಗೋವಿನಜೋಳಕ್ಕೆ ಆಧಾರ ಅಮೆರಿಕದ ಐಯೋವಾದಲ್ಲಿ ಬೆಳೆಸಿದ ಬಿ73 ತಳಿ, ಹತ್ತಿಗೆ ಟೆಕ್ಸಾಸ್‌ನ ಟಿಎಂ-1, ಮೆಣಸಿನಕಾಯಿಗೆ ಮೆಕ್ಸಿಕೋದ ಸಿಎಂ334. ಇದಕ್ಕೆ ಅಪವಾದವಾಗಿ ನಿಲ್ಲುವುದು ಹಾನಗಲ್ಲಿನ ಮಾವು. 2020ರಲ್ಲಿ ಪ್ರಕಟವಾದ ಮಾವಿನ ಜೀನೋಮ್ ಇಲ್ಲಿ ಬೆಳೆಯುವ ಆಪೂಸು ತಳಿಯದೇ. ಗಾತ್ರ ಸುಮಾರು 39.3 ಕೋಟಿ ಡಿಎನ್‌ಎ ಅಕ್ಷರ. ಉಳಿದ ಬೆಳೆಗಳ ಮಟ್ಟಿಗೆ, ನಮ್ಮ ತಳಿಯ ಬಗ್ಗೆ ಬ್ರೌಸರಿನಿಂದ ತಿಳಿದುಕೊಂಡೆವು ಎನ್ನುವುದೆಲ್ಲ ಪರವೂರಿನ ತಳಿಯಿಂದ ಎರವಲು ತಂದದ್ದು. ಆ ಎರವಲಿನ ಲೆಕ್ಕವನ್ನು ಸರಿಯಾಗಿ ಇಡುವುದೇ ಟಿಪ್ಪಣಿಯ ದಾಖಲೆಯ ಮುಖ್ಯ ಕೆಲಸ.

ಬ್ರೌಸರುಗಳು ಬಂದ ಬಗೆ

ಮಾನವ ಜೀನೋಮಿನ ಕರಡು ಪ್ರತಿಯನ್ನು ಅಮೆರಿಕದ ಸಾಂತಾಕ್ರೂಜ್ ವಿಶ್ವವಿದ್ಯಾಲಯ 2000ದ ಜುಲೈ 7ರಂದು ಅಂತರಜಾಲಕ್ಕೆ ಹಾಕಿತು. ಅದನ್ನು ಓದಲು ಜಿಮ್ ಕೆಂಟ್ ಕಟ್ಟಿದ ಸಲಕರಣೆಯೇ ಯುಸಿಎಸ್‌ಸಿ ಬ್ರೌಸರ್. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಎನ್ಸೆಂಬಲ್ ಆರಂಭವಾಗಿತ್ತು. 2002ರಲ್ಲಿ ಲಿಂಕನ್ ಸ್ಟೈನ್ ಮತ್ತು ಸಂಗಡಿಗರು ಜಿಬ್ರೌಸ್ ಹೊರತಂದರು. ಸಣ್ಣ ಪ್ರಯೋಗಶಾಲೆಗಳೂ ತಮ್ಮ ಜೀವಿಗೆ ಒಂದು ಬ್ರೌಸರ್ ಹಾಕಿಕೊಳ್ಳುವುದು ಇದರಿಂದ ಸಾಧ್ಯವಾಯಿತು. 2009ರಲ್ಲಿ ಬಂದ ಜೆಬ್ರೌಸ್ ಇದರ ಮುಂದಿನ ಪೀಳಿಗೆ. ಸಸ್ಯಗಳಿಗೆ ಹೆಚ್ಚಾಗಿ ಬಳಕೆಯಾಗುವವು ಎನ್ಸೆಂಬಲ್ ಪ್ಲಾಂಟ್ಸ್, ಗ್ರಾಮೀನ್, ಫೈಟೊಜೋಮ್. ಗೋವಿನಜೋಳಕ್ಕೆ ಮೇಜ್‌ಜಿಡಿಬಿ, ಬದನೆ ಕುಟುಂಬದ ಟೊಮೆಟೊ ಮೆಣಸಿನಕಾಯಿಗಳಿಗೆ ಸೋಲ್ ಜೀನೋಮಿಕ್ಸ್ ಎಂಬ ಪ್ರತ್ಯೇಕ ತಾಣಗಳಿವೆ.

ಬ್ರೌಸರಿನ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಕಾಣುವ ಪ್ರತಿ ಸಾಲಿಗೆ ಟ್ರ್ಯಾಕ್ ಎಂದು ಹೆಸರು. ಒಂದರಲ್ಲಿ ಜೀನುಗಳು, ಇನ್ನೊಂದರಲ್ಲಿ ತಳಿಗಳ ನಡುವಿನ ಅಕ್ಷರಭೇದಗಳು, ಮತ್ತೊಂದರಲ್ಲಿ ಬೇರೆ ಪ್ರಭೇದದೊಂದಿಗಿನ ಹೋಲಿಕೆ. ಕಣ್ಣಿಗೆ ಎಲ್ಲವೂ ಒಂದೇ ತೂಕದವೆಂದು ತೋರುತ್ತವೆ. ಹತ್ತಾರು ಪ್ರಯೋಗಗಳಿಂದ ಸಾಬೀತಾದ ಜೀನಿಗೂ ಕಂಪ್ಯೂಟರ್ ಊಹಿಸಿದ ಜೀನಿಗೂ ಅದೇ ನೀಲಿ ಪಟ್ಟಿ.

ಟಿಪ್ಪಣಿ ಹುಟ್ಟುವುದು

ಟಿಪ್ಪಣಿಗೆ ಮೂರು ಬಗೆಯ ಆಧಾರಗಳಿವೆ. ಅನುಕ್ರಮವನ್ನಷ್ಟೇ ನೋಡಿ, ಜೀನಿನ ಆರಂಭ, ಮುಕ್ತಾಯ ಮತ್ತು ನಡುವಿನ ಕತ್ತರಿಕೆಯ ಗುರುತುಗಳನ್ನು ಹಿಡಿಯುವ ಆಗಸ್ಟಸ್‌ನಂಥ ತಂತ್ರಾಂಶಗಳ ಊಹೆ ಒಂದು. ಸಸ್ಯದ ಎಲೆ, ಬೇರು, ಕಾಯಿಯಿಂದ ತೆಗೆದ ಆರ್‌ಎನ್‌ಎ ಅನುಕ್ರಮ ಎರಡನೆಯದು. ಬೇರೆ ಪ್ರಭೇದದಲ್ಲಿ ಈಗಾಗಲೇ ಗೊತ್ತಿರುವ ಪ್ರೋಟೀನುಗಳ ಹೋಲಿಕೆ ಮೂರನೆಯದು. ಇವನ್ನು ಒಟ್ಟುಗೂಡಿಸಿ ಜೀನ್ ಮಾದರಿಗಳನ್ನು ಕಟ್ಟುತ್ತಾರೆ. ಮಾದರಿ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ಅದು ಒಬ್ಬರು ಮುಂದಿಟ್ಟ ವಾದ.

ಎಷ್ಟು ಜೀನುಗಳಿವೆ ಎಂಬ ಸರಳ ಪ್ರಶ್ನೆಗೂ ಆದ್ದರಿಂದಲೇ ಒಂದು ಉತ್ತರವಿಲ್ಲ. 2002ರಲ್ಲಿ ಭತ್ತದ ಕರಡು ಜೀನೋಮುಗಳು ಬಂದಾಗ ಅಂದಾಜು 32,000ದಿಂದ 55,000ದವರೆಗೆ ಹರಡಿತ್ತು. 2005ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಪೂರ್ಣ ಅನುಕ್ರಮ ಪ್ರಕಟಿಸಿದಾಗ, ಜಿಗಿಯುವ ಡಿಎನ್‌ಎ ತುಣುಕುಗಳನ್ನು ಬಿಟ್ಟು 37,544 ಎಂದಿತು. ಆ ಒಕ್ಕೂಟದಲ್ಲಿ ಭಾರತದ ಪಾಲಿಗೆ ಬಂದದ್ದು 11ನೆಯ ವರ್ಣತಂತುವಿನ ಒಂದು ಭಾಗ.

ಟಿಪ್ಪಣಿಯನ್ನು ಬರೆದಿಡುವ ರೂಢಿಯ ರೂಪ ಜಿಎಫ್‌ಎಫ್3 ಎಂಬ ಒಂಬತ್ತು ಅಂಕಣಗಳ ಕಡತ. ವರ್ಣತಂತುವಿನ ಹೆಸರು, ಮಾಹಿತಿಯ ಮೂಲ, ವಸ್ತುವಿನ ಬಗೆ, ಆರಂಭ, ಅಂತ್ಯ, ಅಂಕ, ಎಳೆ, ಓದಿನ ಹಂತ, ಕೊನೆಗೆ ಗುರುತು ಸಂಖ್ಯೆ ಮತ್ತು ಇತರ ವಿವರ. ಪಹಣಿ ನೋಡಿ ಬಲ್ಲವರಿಗೆ ಇದು ಅಪರಿಚಿತವೆನಿಸದು: ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಯಾವ ಆಧಾರದ ಮೇಲೆ ಹೆಸರು ದಾಖಲಾಯಿತು ಎಂಬುದೆಲ್ಲ ಒಂದೇ ಸಾಲಿನಲ್ಲಿ. ಒಂದು ಜೀನ್ ಎಂದುಕೊಂಡದ್ದು ಎರಡು ಎಂದು ತಿಳಿದರೆ ಪೋಡಿ ಆದ ಹಾಗೆಯೇ ಹಳೆಯ ನಂಬರು ಒಡೆದು ಹೊಸವು ಹುಟ್ಟುತ್ತವೆ. ಎರಡನೆಯ ಅಂಕಣ, ಅಂದರೆ ಮಾಹಿತಿಯ ಮೂಲ, ಬಹಳ ಜನ ಓದದೆ ದಾಟಿಹೋಗುವ ಅಂಕಣ. ಈ ಲೇಖಕನ ಮಟ್ಟಿಗೆ ಒಂಬತ್ತರಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಬೇರೆ ಇಲ್ಲ.

ಗಿಡ್ಡ ಭತ್ತದ ಜೀನನ್ನೇ ಹತ್ತಿರದಿಂದ ನೋಡಬಹುದು. 1966ರಲ್ಲಿ ಬಿಡುಗಡೆಯಾದ ಐಆರ್8 ತಳಿಯ ಗಿಡ್ಡತನಕ್ಕೆ ಕಾರಣ 1ನೆಯ ವರ್ಣತಂತುವಿನ ಎಸ್‌ಡಿ1 ಎಂಬ ಜೀನ್. ಅದು ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನ್ ತಯಾರಿಸುವ ಕಿಣ್ವವೊಂದರ ಜೀನ್. ಐಆರ್8ರಲ್ಲಿ ಅದರೊಳಗಿನ 383 ಅಕ್ಷರಗಳು ಕಳೆದುಹೋಗಿವೆ. ಈ ಸಂಗತಿ 2002ರಲ್ಲಿ ಬೆಳಕಿಗೆ ಬಂತು. ಬ್ರೌಸರಿನಲ್ಲಿ ಇದೇ ಜೀನಿಗೆ ಎರಡು ಗುರುತುಗಳಿವೆ. ಜಪಾನಿನ ಟಿಪ್ಪಣಿ ಯೋಜನೆಯಲ್ಲಿ ಅದು ಓಎಸ್01ಜಿ0883800. ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಯೋಜನೆಯಲ್ಲಿ ಎಲ್‌ಓಸಿ-ಓಎಸ್01ಜಿ66100. ಎರಡರಲ್ಲೂ ಓಎಸ್ ಭತ್ತದ ಹೆಸರಿನ ಮೊದಲಕ್ಷರಗಳು, 01 ವರ್ಣತಂತು, ಜಿ ಎಂದರೆ ಜೀನ್. 2013ರಲ್ಲಿ ಎರಡೂ ಬಣಗಳು ಅನುಕ್ರಮವನ್ನು ಒಂದು ಮಾಡಿಕೊಂಡವು. ಜೀನುಗಳ ಪಟ್ಟಿ ಮಾತ್ರ ಒಂದಾಗಲಿಲ್ಲ. ಒಂದು ಪಟ್ಟಿಯಲ್ಲಿ ಜೀನ್ ಇದ್ದು ಇನ್ನೊಂದರಲ್ಲಿ ಇಲ್ಲದಿರುವ ಉದಾಹರಣೆಗಳು ಹೇರಳ. ಭತ್ತದ ಪ್ರಬಂಧವೊಂದರಲ್ಲಿ ಯಾವ ಪಟ್ಟಿ, ಎಷ್ಟನೆಯ ಆವೃತ್ತಿ ಎಂದು ಬರೆಯದೆ ಜೀನುಗಳ ಹೆಸರು ಕೊಟ್ಟಿದ್ದರೆ ಮುಂದಿನವರು ಅದನ್ನು ಹುಡುಕಿ ಹೊಂದಿಸುವುದರಲ್ಲೇ ದಿನ ಕಳೆಯಬೇಕಾಗುತ್ತದೆ.

ಹೆಸರಿನ ಗೋಜಲು ಬೆಂಕಿರೋಗದ ಜೀನಿನಲ್ಲಿಯೂ ಇದೆ. ಮಳೆ, ಮಂಜು ಹೆಚ್ಚಾದ ವರ್ಷ ಹಾನಗಲ್ ಭಾಗದ ಭತ್ತಕ್ಕೆ ಬೆಂಕಿರೋಗದ ಕಾಟ. ಇದನ್ನು ತಡೆಯುವ ಜೀನೊಂದನ್ನು ಟೆಟೆಪ್ ಎಂಬ ವಿಯೆಟ್ನಾಮಿ ತಳಿಯ 11ನೆಯ ವರ್ಣತಂತುವಿನಿಂದ ಭಾರತೀಯ ವಿಜ್ಞಾನಿಗಳೇ ಬೇರ್ಪಡಿಸಿ 2005ರಲ್ಲಿ ಪ್ರಕಟಿಸಿದರು. ಆಗ ಅದರ ಹೆಸರು ಪಿಕೆ-ಎಚ್. ಮುಂದೆ ಪಿಐ54 ಆಯಿತು. ಬ್ರೌಸರಿನಲ್ಲಿರುವ ನಿಪ್ಪನ್‌ಬಾರೆಯಲ್ಲಿ ಈ ಜೀನಿನ ರೋಗಕ್ಕೆ ತುತ್ತಾಗುವ ರೂಪವಿದೆ. ಹಳೆಯ ಹೆಸರನ್ನು ಪರ್ಯಾಯ ನಾಮವಾಗಿ ದಾಖಲಿಸದಿದ್ದರೆ ಹತ್ತು ವರ್ಷ ಹಿಂದಿನ ಕೆಲಸ ಹುಡುಕಾಟಕ್ಕೆ ಸಿಗುವುದೇ ಇಲ್ಲ.

ಆರ್ಥೊಲಾಗ್‌ಗಳು

ಆರ್ಥೊಲಾಗ್ ಮತ್ತು ಪ್ಯಾರಲಾಗ್ ಎಂಬ ಭೇದವನ್ನು 1970ರಲ್ಲಿ ಮಾಡಿದವರು ವಾಲ್ಟರ್ ಫಿಚ್. ಪ್ರಭೇದ ಒಡೆದಾಗ ಬೇರೆಯಾದವು ಆರ್ಥೊಲಾಗ್. ಒಂದೇ ಜೀನೋಮಿನೊಳಗೆ ಜೀನ್ ಇಮ್ಮಡಿಯಾದಾಗ ಹುಟ್ಟಿದವು ಪ್ಯಾರಲಾಗ್. ಎರಡೂ ವಂಶಾವಳಿಯ ಸಂಬಂಧಗಳು. ಜೀನ್ ಇಂದು ಮಾಡುವ ಕೆಲಸದ ವಿಷಯದಲ್ಲಿ ಇವು ನೇರವಾಗಿ ಏನನ್ನೂ ಹೇಳುವುದಿಲ್ಲ, ಆದರೂ ಕೆಲಸವನ್ನು ಊಹಿಸಲು ಎಲ್ಲರೂ ಬಳಸುವುದು ಇವನ್ನೇ.

ಊಹೆ ಫಲಿಸುವುದೂ ಉಂಟು. ಬಾರ್ಲಿಯನ್ನು ಗಿಡ್ಡವಾಗಿಸಲು ಯುರೋಪಿನ ತಳಿಗಾರರು ಬಳಸಿಕೊಂಡ ಜೀನ್ ಭತ್ತದ ಎಸ್‌ಡಿ1ರ ಆರ್ಥೊಲಾಗ್. ಗೊತ್ತಿಲ್ಲದೆಯೇ ಎರಡು ಖಂಡಗಳಲ್ಲಿ ಒಂದೇ ಜೀನನ್ನು ಹಿಡಿದಿದ್ದರು. ಆದರೆ ಗಿಡ್ಡ ಗೋದಿಯ ಕಥೆ ಬೇರೆ. ಅಲ್ಲಿ ಬದಲಾದದ್ದು ಹಾರ್ಮೋನ್ ತಯಾರಿಸುವ ಜೀನ್ ಅಲ್ಲ, ಹಾರ್ಮೋನಿನ ಸಂದೇಶಕ್ಕೆ ತಡೆಯೊಡ್ಡುವ ಜೀನ್. ಅದರ ಆರ್ಥೊಲಾಗ್ ಗೋವಿನಜೋಳದ ಡಿ8. ಗಿಡ್ಡ ಭತ್ತ, ಗಿಡ್ಡ ಗೋದಿ ಎರಡೂ ಹಸಿರು ಕ್ರಾಂತಿಯ ಕೂಸುಗಳೆಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಜೀನಿನ ಮಟ್ಟದಲ್ಲಿ ಅವಕ್ಕೆ ನಂಟಿಲ್ಲ.

ಇನ್ನೂ ಸ್ವಾರಸ್ಯವಾದದ್ದು ಮೆಣಸಿನಕಾಯಿಯ ಬಣ್ಣ. ಹಾನಗಲ್, ಹಿರೇಕೆರೂರುಗಳ ಮಗ್ಗುಲಲ್ಲೇ ಬ್ಯಾಡಗಿ ಪೇಟೆಯಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ, ಡಬ್ಬಿಯಾಗಲಿ ಕಡ್ಡಿಯಾಗಲಿ, ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆ ಕಡುಗೆಂಪಿನ ಮುಖ್ಯ ವರ್ಣದ್ರವ್ಯ ಕ್ಯಾಪ್ಸಾಂತಿನ್. ಅದನ್ನು ತಯಾರಿಸುವ ಕೊನೆಯ ಹಂತದ ಕಿಣ್ವದ ಜೀನಿಗೆ ಸಿಸಿಎಸ್ ಎಂದು ಹೆಸರು. ಇರುವುದು ಮೆಣಸಿನಕಾಯಿಯ 6ನೆಯ ವರ್ಣತಂತುವಿನಲ್ಲಿ. ಟೊಮೆಟೊದ 6ನೆಯ ವರ್ಣತಂತುವಿನಲ್ಲಿಯೇ ಇದರ ಆರ್ಥೊಲಾಗ್ ಇದೆ, ಹೆಸರು ಸಿವೈಸಿ-ಬಿ. ಟೊಮೆಟೊದಲ್ಲಿ ಅದು ಕ್ಯಾಪ್ಸಾಂತಿನ್ ತಯಾರಿಸುವುದಿಲ್ಲ, ಲೈಕೋಪೀನನ್ನು ಬೀಟಾ ಕೆರೋಟಿನ್ ಆಗಿ ಮಾರ್ಪಡಿಸುತ್ತದೆ. ಸಾಮಾನ್ಯ ಟೊಮೆಟೊ ಹಣ್ಣಾಗುವಾಗ ಈ ಜೀನ್ ಹೆಚ್ಚುಕಡಿಮೆ ಸುಮ್ಮನಿರುವುದರಿಂದ ಲೈಕೋಪೀನ್ ಉಳಿದು ಹಣ್ಣು ಕೆಂಪಾಗುತ್ತದೆ. ಅದು ಜೋರಾಗಿ ಕೆಲಸ ಮಾಡುವ ತಳಿಗಳ ಹಣ್ಣು ಕಿತ್ತಳೆ ಬಣ್ಣದ್ದು. ಅಂದರೆ ಒಂದು ಗಿಡದಲ್ಲಿ ಜೀನ್ ದುಡಿದರೆ ಕೆಂಪು, ಇನ್ನೊಂದರಲ್ಲಿ ದುಡಿಯದಿದ್ದರೆ ಕೆಂಪು. ಟೊಮೆಟೊದ ವಿವರಣೆಯನ್ನು ಹಾಗೆಯೇ ಎತ್ತಿ ಮೆಣಸಿನಕಾಯಿಯ ಟ್ರ್ಯಾಕಿಗೆ ಅಂಟಿಸಿದರೆ ಬ್ಯಾಡಗಿಯ ಬಣ್ಣದ ಜೀನಿಗೆ ತಪ್ಪು ಕೆಲಸದ ಹೆಸರು ಬೀಳುತ್ತದೆ. ಒಮ್ಮೆ ಬಿದ್ದ ಹೆಸರು ಅಲ್ಲಿಗೇ ನಿಲ್ಲದು. ಅದನ್ನು ನೋಡಿ ಮೂರನೆಯ ಗಿಡಕ್ಕೆ, ಮೂರನೆಯದನ್ನು ನೋಡಿ ನಾಲ್ಕನೆಯದಕ್ಕೆ ಹಬ್ಬುತ್ತದೆ.

ಖಾರದ ಜೀನ್ ಪಿಯುಎನ್1, 2ನೆಯ ವರ್ಣತಂತುವಿನಲ್ಲಿದೆ. ದೊಣ್ಣೆ ಮೆಣಸಿನಕಾಯಿಯಲ್ಲಿ ಇದರ ಆರಂಭದ ಭಾಗ ಸೇರಿ ಸುಮಾರು 2,500 ಅಕ್ಷರಗಳು ಅಳಿದುಹೋಗಿರುವುದು 2005ರಲ್ಲಿ ಗೊತ್ತಾಯಿತು. ಬ್ಯಾಡಗಿಯದು ಪೂರ್ತಿ ಖಾರವಿಲ್ಲದ ಕಾಯಿಯಲ್ಲ, ಆದ್ದರಿಂದ ಅದರ ಸೌಮ್ಯತೆಗೆ ಈ ಅಳಿಕೆಯನ್ನೇ ಕಾರಣ ಮಾಡಲಾಗದು. 2014ರಲ್ಲಿ ಪ್ರಕಟವಾದ ಮೆಣಸಿನಕಾಯಿಯ ಎರಡು ಜೀನೋಮುಗಳಲ್ಲಿ, ಸಿಎಂ334ರಲ್ಲಿ ಮತ್ತು ಚೀನದ ಜುನ್ಲಾ-1ರಲ್ಲಿ, ಸುಮಾರು 35,000 ಜೀನುಗಳ ಟಿಪ್ಪಣಿಯಿದೆ.

ಹತ್ತಿ, ದೊಡ್ಡಹುಣಸೆ, ಗೋವಿನಜೋಳ

ಆರ್ಥೊಲಾಗ್ ಹುಡುಕುವ ಹಳೆಯ ಉಪಾಯ ಪರಸ್ಪರ ಅತ್ಯುತ್ತಮ ಹೋಲಿಕೆ: ಮೊದಲ ಜೀನೋಮಿನ ಜೀನಿಗೆ ಎರಡನೆಯದರಲ್ಲಿ ಅತಿ ಹತ್ತಿರದ್ದು ಯಾವುದೋ, ಅದಕ್ಕೆ ಮೊದಲನೆಯದರಲ್ಲಿ ಅತಿ ಹತ್ತಿರದ್ದು ಇದೇ ಆದರೆ ಜೋಡಿ ಸಿಕ್ಕಿತು. ಜೀನೋಮೇ ಇಮ್ಮಡಿಯಾದ ಸಸ್ಯಗಳಲ್ಲಿ ಇದು ಕೈಕೊಡುತ್ತದೆ. 2003ರ ಆರ್ಥೊಎಂಸಿಎಲ್, 2015ರ ಆರ್ಥೊಫೈಂಡರ್ ಜೀನುಗಳನ್ನು ಗುಂಪುಗಳಾಗಿ ಕಟ್ಟುತ್ತವೆ. ಎನ್ಸೆಂಬಲ್ ಪ್ರತಿ ಜೀನ್ ಕುಟುಂಬಕ್ಕೂ ವಂಶವೃಕ್ಷ ಬರೆದು, ಸಂಬಂಧವನ್ನು ಒಂದಕ್ಕೊಂದು, ಒಂದಕ್ಕೆ ಹಲವು, ಹಲವಕ್ಕೆ ಹಲವು ಎಂದು ವಿಂಗಡಿಸುತ್ತದೆ. ಅಕ್ಕಪಕ್ಕದ ನಾಲ್ಕು ಜೀನುಗಳೂ ಅದೇ ಸಾಲಿನಲ್ಲಿವೆಯೇ ಎಂದು ನೋಡಿ 0, 25, 50, 75, 100 ಎಂದು ಅಂಕವನ್ನೂ ಕೊಡುತ್ತದೆ.

ಗೋವಿನಜೋಳದ ಪೂರ್ವಜರು ಬಿಳಿಜೋಳದ ಕವಲಿನಿಂದ ಬೇರೆಯಾದ ಮೇಲೆ ಇಡೀ ಜೀನೋಮ್ ಇಮ್ಮಡಿಯಾಯಿತು. ಹಾಗಾಗಿ ಭತ್ತದ ಅಥವಾ ಜೋಳದ ಒಂದು ಜೀನಿಗೆ ಇಲ್ಲಿ ಎರಡು ಆರ್ಥೊಲಾಗ್ ಇರಬೇಕು. ಕಾಲಾಂತರದಲ್ಲಿ ಎಷ್ಟೋ ಜೋಡಿಗಳಲ್ಲಿ ಒಂದು ಕಳೆದುಹೋಗಿದೆ. 2009ರಲ್ಲಿ ಬಂದ ಬಿ73 ಜೀನೋಮಿನ ಸುಮಾರು 85 ಪ್ರತಿಶತ ಜಿಗಿಯುವ ತುಣುಕುಗಳೇ. ಶಿಗ್ಗಾಂವಿ ಕಡೆಯ ಸೋಯಾದ ಜೀನೋಮ್ 2010ರಲ್ಲಿ ಬಂತು. ಅದು ಎರಡು ಬಾರಿ ಇಮ್ಮಡಿಯಾದದ್ದು. 46,430 ಜೀನುಗಳಲ್ಲಿ ಮುಕ್ಕಾಲು ಪಾಲಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ.

ಹತ್ತಿಯ ಕಥೆ ಧಾರವಾಡ ಸೀಮೆಗೆ ಹತ್ತಿರದ್ದು. ಇಲ್ಲಿನ ಹಳೆಯ ಜಯಧರ ಹತ್ತಿ 26 ವರ್ಣತಂತುಗಳ ದೇಶಿ ಜಾತಿ. ಅಮೆರಿಕನ್ ಹತ್ತಿಯಲ್ಲಿ 52. ಜಯಧರದ ಬಳಗದ ಹಳೆಯ ಪ್ರಪಂಚದ ಹತ್ತಿಯೊಂದು ಅಮೆರಿಕ ಖಂಡದ ಕಾಡುಹತ್ತಿಯೊಂದಿಗೆ ಹತ್ತು ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ಬೆರೆತು ಹುಟ್ಟಿದ್ದು ಅದು. ಆದ್ದರಿಂದ ಅದರ ಬ್ರೌಸರಿನಲ್ಲಿ ಎ1ರಿಂದ ಎ13, ಡಿ1ರಿಂದ ಡಿ13 ಎಂದು ಎರಡು ಮನೆತನದ ವರ್ಣತಂತುಗಳು ಅಕ್ಕಪಕ್ಕ ನಿಲ್ಲುತ್ತವೆ. ಹೆಚ್ಚಿನ ಜೀನುಗಳಿಗೆ ಎರಡು ಪ್ರತಿ. ಇವಕ್ಕೆ ಹೋಮಿಯೊಲಾಗ್ ಎಂಬ ಪ್ರತ್ಯೇಕ ಹೆಸರು. ಧಾರವಾಡದಲ್ಲಿ ಬಿ. ಎಚ್. ಕಟರ್ಕಿಯವರು ಅಮೆರಿಕನ್ ಹತ್ತಿಯನ್ನು ಈಜಿಪ್ಟ್ ಹತ್ತಿಯ ಜಾತಿಯೊಂದಿಗೆ ಕೂಡಿಸಿ 1972ರಲ್ಲಿ ಹೊರತಂದ ವರಲಕ್ಷ್ಮಿ ಸಂಕರಣದ ಪ್ರತಿ ಕೋಶದಲ್ಲಿ ಈ ಜೋಡಿ ಇನ್ನೊಮ್ಮೆ ಜೋಡಿಯಾಗುತ್ತದೆ. ಒಂದು ಎ ಪ್ರತಿ ಮತ್ತು ಒಂದು ಡಿ ಪ್ರತಿ ಒಬ್ಬ ತಾಯಿಯಿಂದ, ಮತ್ತೊಂದೊಂದು ಬೇರೆ ಪ್ರಭೇದದ ತಂದೆಯಿಂದ. ಹೊಲದಲ್ಲಿ ಹೂವಿನ ಕೇಸರ ಕಿತ್ತು ಕೈಯಿಂದ ಕ್ರಾಸಿಂಗ್ ಮಾಡುವ ಕೂಲಿಯವರು ಜೋಡಿಸುತ್ತಿರುವುದು ಇಂಥ ನಾಲ್ಕು ಎಳೆಗಳನ್ನು. ಒಂದೇ ಆಧಾರ ತಳಿಯ ಮೇಲೆ ನಿಂತ ಬ್ರೌಸರ್ ಇದನ್ನು ತೋರಿಸಲಾರದು.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಭಾರೀ ಮರಗಳನ್ನು ಈ ಲೇಖನದಲ್ಲಿ ತರುವುದು ವಿಚಿತ್ರವೆನಿಸಬಹುದು. ಹೆಸರಿನಲ್ಲಿ ಹುಣಸೆಯಿದ್ದರೂ ಅವು ಆಫ್ರಿಕಾದ ಬಾವೊಬಾಬ್. ಕುಟುಂಬದಲ್ಲಿ ಹತ್ತಿ, ಬೆಂಡೆಗಳ ಬಂಧು. ಈ ಮರದ ವರ್ಣತಂತು ಮಟ್ಟದ ಜೀನೋಮ್ 2024ರಲ್ಲಿ ಪ್ರಕಟವಾಯಿತು: 42 ವರ್ಣತಂತುಗಳ ನಾಲ್ಕು ಪ್ರತಿ, ಒಟ್ಟು 168. ಹಿರೇಕೆರೂರಿನ ಹತ್ತಿ ಜೀನಿಗೂ ಸವಣೂರಿನ ಮರದ ಜೀನಿಗೂ ಆರ್ಥೊಲಾಗ್ ಸಂಬಂಧ ಹುಡುಕಲು ಈಗ ಅಡ್ಡಿಯಿಲ್ಲ, ಒಂದಕ್ಕೆ ಹಲವು ಎಂಬ ಉತ್ತರಕ್ಕೆ ಸಿದ್ಧರಿದ್ದರೆ ಸಾಕು.

ದಾಖಲೆಯಲ್ಲಿ ಇರಬೇಕಾದ್ದು

ಯುಸಿಎಸ್‌ಸಿ ಬ್ರೌಸರಿನಲ್ಲಿ ಟ್ರ್ಯಾಕಿನ ಹೆಸರನ್ನು ಒತ್ತಿದರೆ ಒಂದು ವಿವರಣಾ ಪುಟ ತೆರೆಯುತ್ತದೆ. ಇದು ಏನು, ಹೇಗೆ ತಯಾರಿಸಿದ್ದು, ಯಾರು ತಯಾರಿಸಿದ್ದು ಎಂಬುದು ಅಲ್ಲಿರುತ್ತದೆ. ಅಂಥ ಪುಟದಲ್ಲಿ ಜೀನೋಮ್ ಜೋಡಣೆಯ, ಅಂದರೆ ತುಣುಕುಗಳನ್ನು ಕೂಡಿಸಿ ಕಟ್ಟಿದ ಅನುಕ್ರಮದ, ಆವೃತ್ತಿ ಎಲ್ಲಕ್ಕಿಂತ ಮೊದಲು ಬೇಕು. ಗೋವಿನಜೋಳದ ಹಳೆಯ ಪ್ರಬಂಧಗಳಲ್ಲಿ ಜೀನುಗಳು ಜಿಆರ್‌ಎಂಜೆಡ್‌ಎಂ ಎಂದು ಆರಂಭವಾಗುತ್ತವೆ. 4ನೆಯ ಆವೃತ್ತಿಯಲ್ಲಿ ಜೆಡ್‌ಎಂ00001ಡಿ, 5ನೆಯದರಲ್ಲಿ ಜೆಡ್‌ಎಂ00001ಇಬಿ. ಎಣಿಕೆಯ ರೂಢಿಯೂ ಎಡವಿಸುತ್ತದೆ. ಜಿಎಫ್‌ಎಫ್3ರಲ್ಲಿ ಎಣಿಕೆ 1ರಿಂದ, ಬೆಡ್ ಎಂಬ ಇನ್ನೊಂದು ರೂಪದಲ್ಲಿ 0ಯಿಂದ. 101ರಿಂದ 200ರವರೆಗಿನ ನೂರು ಅಕ್ಷರಗಳ ತುಂಡನ್ನು ಮೊದಲನೆಯದು 101, 200 ಎಂದೇ ಬರೆದರೆ ಎರಡನೆಯದು 100, 200 ಎಂದು ಬರೆಯುತ್ತದೆ. ಒಂದು ಅಕ್ಷರ ಸರಿದರೆ ಪ್ರೋಟೀನಿನ ಓದೇ ಕೆಡುತ್ತದೆ.

ಜೀನಿನ ಕೆಲಸದ ಬಗ್ಗೆ ಹೇಳುವಾಗ ಜೀನ್ ಆಂಟಾಲಜಿ ಒಕ್ಕೂಟದ ಪುರಾವೆ ಸಂಕೇತಗಳನ್ನು ಬಳಸುತ್ತಾರೆ. ಐಡಿಎ ಎಂದರೆ ನೇರ ಪ್ರಯೋಗ, ಐಎಸ್‌ಒ ಎಂದರೆ ಆರ್ಥೊಲಾಗ್ ನೋಡಿ ಹೇಳಿದ್ದು, ಐಇಎ ಎಂದರೆ ಯಾರೂ ಕಣ್ಣಾಡಿಸದೆ ಗಣಕವೇ ಬರೆದದ್ದು. ಬೆಳೆ ಸಸ್ಯಗಳ ಟಿಪ್ಪಣಿಯಲ್ಲಿ ಬಹುಪಾಲು ಕೊನೆಯ ಬಗೆಯದು.

ಕರ್ನಾಟಕದಲ್ಲಿ ಕೈಯಿಂದ ಟಿಪ್ಪಣಿ ಮಾಡುವ ಕೆಲಸಕ್ಕೆ ಒಳ್ಳೆಯ ಪರಂಪರೆಯಿದೆ. 2002ರಲ್ಲಿ ಆರಂಭವಾದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನಲ್ಲಿ ಜೀವವಿಜ್ಞಾನಿಗಳು ಕೂತು ಪ್ರಬಂಧಗಳನ್ನು ಒಂದೊಂದಾಗಿ ಓದಿ ಮಾನವ ಪ್ರೋಟೀನುಗಳ ಆಕರಕೋಶ ಕಟ್ಟಿದರು. ಅದೇ ಸಂಸ್ಥೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ 2014ರಲ್ಲಿ ಪ್ರಕಟಿಸಿದ ಮಾನವ ಪ್ರೋಟೀನುಗಳ ನಕ್ಷೆ 17,294 ಜೀನುಗಳ ಪ್ರೋಟೀನನ್ನು ನೇರವಾಗಿ ಗುರುತಿಸಿತು. ಜೀನಿಲ್ಲ ಎಂದುಕೊಂಡಿದ್ದ ಜಾಗಗಳೂ ಸೇರಿದಂತೆ 193 ಹೊಸ ತಾಣಗಳನ್ನು ತೋರಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಎಂಎಲ್-365 ರಾಗಿಯ ಜೀನೋಮನ್ನು 85,243 ಜೀನುಗಳೊಂದಿಗೆ ಹೊರತಂದಿತು. ಮರುವರ್ಷ ಇನ್ನೊಂದು ತಂಡ ಪಿಆರ್-202 ರಾಗಿಗೆ ಕೊಟ್ಟ ಸಂಖ್ಯೆ 62,348. ರಾಗಿ ಬದಲಾದದ್ದಕ್ಕಿಂತ ಹೆಚ್ಚಾಗಿ ಎಣಿಸುವ ಬಗೆ ಬದಲಾಗಿತ್ತು ಎನ್ನಬೇಕು.

ನಕ್ಷೆಯ ಹೊರಗೆ

2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯ ಕ್ರೈ ಜೀನ್ ಟಿಎಂ-1ರ ಬ್ರೌಸರಿನಲ್ಲಿ ಎಲ್ಲಿ ಹುಡುಕಿದರೂ ಇಲ್ಲ. ಅದು ಬ್ಯಾಕ್ಟೀರಿಯದಿಂದ ತಂದದ್ದು, ಹತ್ತಿಯಲ್ಲಿ ಅದಕ್ಕೆ ಆರ್ಥೊಲಾಗ್ ಇರುವ ಪ್ರಶ್ನೆಯೇ ಬರುವುದಿಲ್ಲ. ಗೋವಿನಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ಹಿರೇಕೆರೂರಿಗೆ ನೆರೆಯಾದ ಶಿವಮೊಗ್ಗ ಜಿಲ್ಲೆಯಲ್ಲಿ. ಅದರ ಜೀನೋಮ್ ಅದಕ್ಕೂ ಒಂದು ವರ್ಷ ಮೊದಲೇ, ಗೋವಿನಜೋಳ ತಿನ್ನುವ ಬಗೆ ಮತ್ತು ಭತ್ತ ತಿನ್ನುವ ಬಗೆ ಎರಡಕ್ಕೂ ಬೇರೆ ಬೇರೆಯಾಗಿ ಟಿಪ್ಪಣಿಯಾಗಿತ್ತು. ಸವಣೂರಿನ ಎಲೆಬಳ್ಳಿ ತೋಟದವರಿಗೆ ಆಸರೆಯಾಗಬಲ್ಲ ಹತ್ತಿರದ ಬಂಧು ಕರಿಮೆಣಸು; ಅದರ ಜೀನೋಮ್ 2019ರಲ್ಲಿ ಬಂತು, ಸುಮಾರು 76 ಕೋಟಿ ಅಕ್ಷರಗಳದ್ದು.

ಆಧಾರ ತಳಿ ಒಂದೇ ಆದರೂ ಅದರ ಮೇಲೆ ಉಳಿದ ತಳಿಗಳ ಭೇದವನ್ನು ಟ್ರ್ಯಾಕುಗಳಾಗಿ ಹಾಸಬಹುದು. ಭತ್ತದಲ್ಲಿ 2014ರ ಹೊತ್ತಿಗೆ 89 ದೇಶಗಳ 3,000 ತಳಿಗಳಿಗೆ ಹೀಗೆ ಮಾಡಲಾಯಿತು. ಭಾರತದಲ್ಲಿ ಇಂಥ ದತ್ತಾಂಶ ಇಡಲು ಫರೀದಾಬಾದಿನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್ 2022ರ ನವೆಂಬರಿನಿಂದ ಇದೆ. ಹಾನಗಲ್ಲಿನ ಕೂರಿಗೆ ಭತ್ತಕ್ಕೋ ಬ್ಯಾಡಗಿ ಡಬ್ಬಿಗೋ ಅಂಥದೊಂದು ಟ್ರ್ಯಾಕ್ ಮಾಡುವವರು ಅನುಕ್ರಮದ ಜೊತೆಗೆ ಬೀಜ ಯಾವ ಊರಿನದು, ಯಾವ ಸಾಲಿನ ಬೆಳೆಯದು, ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಅದಕ್ಕೆ ಕೊಟ್ಟ ಐಸಿ ಸಂಖ್ಯೆ ಯಾವುದು ಎಂಬುದನ್ನೂ ವಿವರಣಾ ಪುಟದಲ್ಲಿ ಬರೆಯಬೇಕು. ಏಕೆಂದರೆ ಬ್ಯಾಡಗಿ ಪೇಟೆಯಲ್ಲಿ ಬ್ಯಾಡಗಿ ಎಂಬ ಹೆಸರಿನಡಿ ಹಲವು ಊರುಗಳ ಮಾಲು ಬರುತ್ತದೆ.